ಶೋಧಗಂಗೆಯ ಮೆಟ್ಟಿಲ ಮೇಲೆ

ಈ ಪುಟಗಳಲ್ಲಿ ಸಾಮಾನ್ಯವಾಗಿ ಪುಸ್ತಕಗಳ ವಿಮರ್ಶೆ ಬರುತ್ತದೆ. ನಮ್ಮವರು ಆಡಿದ ನಾಟಕ, ಯಕ್ಷಗಾನಗಳ ವಿಮರ್ಶೆ ಬರುತ್ತದೆ. ಈ ತಿಂಗಳು ನಾವು ವಿಮರ್ಶೆಗೆ ಎತ್ತಿಕೊಂಡಿರುವುದು ಪುಸ್ತಕವನ್ನಲ್ಲ, ಒಂದು ಪಟ್ಟಿಯನ್ನು. ಪಟ್ಟಿಗೂ ವಿಮರ್ಶೆಯೇ ಎಂದು ವಾಚಕ ಬಂಧುಗಳು ಹುಬ್ಬೇರಿಸಬಹುದು. ನಾವು ಸಾಹಿತ್ಯದ ವಿದ್ವಾಂಸರಲ್ಲ, ಬಿ.ಎಸ್ಸಿ. ಮುಗಿಸಿ, ಪರೀಕ್ಷೆ ಬರೆದು, ಮುಂಬಯಿಗೆ ಬಂದು, ಇಪ್ಪತ್ತು ವರ್ಷಗಳಿಂದ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಕಡತಗಳ ನಡುವೆ ಕುಳಿತಿರುವವರು. ಈ ಇಪ್ಪತ್ತು ವರ್ಷಗಳಲ್ಲಿ ಒಂದು ಸತ್ಯವನ್ನು ಮಾತ್ರ ಚೆನ್ನಾಗಿ ಕಲಿತಿದ್ದೇವೆ. ಪಟ್ಟಿ ಸರಿಯಿದ್ದರೆ ಕಡತ ಇದೆ. ಪಟ್ಟಿ ತಪ್ಪಿದರೆ ಕಡತ ಕಪಾಟಿನಲ್ಲಿ ಇದ್ದೂ ಇಲ್ಲ.

ಈ ಮಾತಿಗೆ ಕಾರಣವಾದದ್ದು ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು. ಎಲ್ಲರೂ ಅವರನ್ನು ಮಾಷ್ಟ್ರು ಎಂದೇ ಕರೆಯುತ್ತೇವೆ. ಈಗ ಎಂಬತ್ತನಾಲ್ಕು. ಹನ್ನೆರಡನೆಯ ವಯಸ್ಸಿನಲ್ಲಿ ಉಡುಪಿಯ ಕಡೆಯಿಂದ ಮುಂಬಯಿಗೆ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಮುಂದೆ ಹಗಲು ಒಂದು ನೌಕರಿ ಮಾಡುತ್ತ ರಾತ್ರಿ ಅದೇ ಬಗೆಯ ಶಾಲೆಯಲ್ಲಿ ಪಾಠ ಹೇಳಿದವರು. ಸುಮಾರು ಮೂವತ್ತು ವರ್ಷಗಳ ಹಿಂದೆ ಊರಿನ ಕಡೆಯ ಒಬ್ಬ ಸಂಶೋಧಕರು ಅವರ ಮನೆಗೆ ಬಂದು, ರಾತ್ರಿ ಶಾಲೆಗಳ ವಿಷಯ ಕೇಳಿ ಬರೆದುಕೊಂಡು ಹೋಗಿದ್ದರಂತೆ. ಸಂಘದ ಸ್ಮರಣ ಸಂಚಿಕೆಗೆ ಲೇಖನ ಕೇಳಲು ಹೋದ ನಮಗೆ ಮಾಷ್ಟ್ರು ಹೇಳಿದ್ದು ಇಷ್ಟು:

"ಮಾರಾಯ್ರೇ, ಅವರು ಮೂರು ದಿವಸ ಬಂದಿದ್ರು. ಟೇಪು ಹಾಕಿ ಕೂತಿದ್ರು. ಪಿಎಚ್.ಡಿ.ಗೆ ಅಂತ ಹೇಳಿದ್ರು. ನಾನು ಹೇಳಿದ್ದು ಬರೆದಿದ್ದಾರಾ ಇಲ್ವಾ? ನೀವು ಸಾಯನ್ಸ್ ಓದಿದವರು, ಕಂಪ್ಯೂಟರಿನಲ್ಲಿ ಹುಡುಕಿ. ನನಗೆ ಈಗ ಕಣ್ಣು ಅಷ್ಟಕ್ಕಷ್ಟೆ."

ಸಂಶೋಧಕರ ಹೆಸರು ಮಾಷ್ಟ್ರಿಗೆ ನೆನಪಿಲ್ಲ. ವಿಶ್ವವಿದ್ಯಾಲಯ ಯಾವುದೆಂದೂ ಖಚಿತವಿಲ್ಲ. ಹೀಗೆ ನಾವು ಶೋಧಗಂಗೆಯ ಮೆಟ್ಟಿಲಿಗೆ ಬಂದೆವು.

ಶೋಧಗಂಗಾ ಎಂಬುದು ಭಾರತದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಮಹಾಪ್ರಬಂಧಗಳನ್ನು ಒಂದೆಡೆ ಸೇರಿಸಿ, ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟ ಭಂಡಾರ. ಇದನ್ನು ನಡೆಸುವುದು ಗುಜರಾತಿನ ಗಾಂಧಿನಗರದಲ್ಲಿರುವ, ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಇನ್‌ಫ್ಲಿಬ್‌ನೆಟ್ ಕೇಂದ್ರ. ಪದವಿ ಕೊಟ್ಟ ಪ್ರತಿ ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನೂ ಒಪ್ಪಿಸಬೇಕೆಂದು ಆಯೋಗವು 2009ರಲ್ಲಿ ನಿಯಮ ಮಾಡಿತು. ಹಳೆಯ ಪ್ರಬಂಧಗಳನ್ನು ಸ್ಕ್ಯಾನ್ ಮಾಡಿಸಲು ವಿಶ್ವವಿದ್ಯಾಲಯಗಳಿಗೆ ಹಣದ ನೆರವೂ ದೊರೆಯಿತು. ಇಂದು ಅಲ್ಲಿರುವ ಪ್ರಬಂಧಗಳ ಸಂಖ್ಯೆ 5 ಲಕ್ಷವನ್ನು ದಾಟಿದೆ. ಶುಲ್ಕವಿಲ್ಲ, ಶಿಫಾರಸು ಪತ್ರ ಬೇಡ, ಸದಸ್ಯತ್ವ ಬೇಡ.

ಈ ಕೊನೆಯ ಮಾತಿನ ಬೆಲೆ ತಿಳಿಯಬೇಕಾದರೆ ಹಿಂದಿನ ಕಾಲವನ್ನು ನೆನೆಯಬೇಕು. ಅಂದು ಪ್ರಬಂಧವೆಂದರೆ ಕಾರ್ಬನ್ ಕಾಗದ ಇಟ್ಟು ಟೈಪು ಮಾಡಿಸಿ, ರೆಕ್ಸಿನ್ ರಟ್ಟು ಕಟ್ಟಿಸಿ, ಬಂಗಾರದ ಅಕ್ಷರ ಅಚ್ಚೊತ್ತಿಸಿದ ನಾಲ್ಕೈದು ಪ್ರತಿಗಳು ಮಾತ್ರ. ಒಂದು ಗ್ರಂಥಾಲಯಕ್ಕೆ, ಒಂದು ಮಾರ್ಗದರ್ಶಕರಿಗೆ, ಒಂದು ಮನೆಯ ಶೋಕೇಸಿಗೆ. ಯಾರು ಯಾವ ವಿಷಯದ ಮೇಲೆ ಬರೆದರು ಎಂಬುದು ತಿಳಿಯಲು ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ‘ಯೂನಿವರ್ಸಿಟಿ ನ್ಯೂಸ್’ ಪತ್ರಿಕೆಯಲ್ಲಿ ಬರುವ ಪಟ್ಟಿಗಳನ್ನು ತಿರುವಬೇಕಿತ್ತು. ಹೆಸರು ಸಿಕ್ಕರೂ ಓದಲು ಆ ಊರಿಗೇ ಹೋಗಬೇಕು. ಇಂದು ವಿರಾರ್ ಲೋಕಲಿನಲ್ಲಿ ನೇತಾಡುತ್ತ ನಿಂತವನೂ ಮೊಬೈಲಿನಲ್ಲಿ ಯಾವುದೋ ವಿಶ್ವವಿದ್ಯಾಲಯದ ಪ್ರಬಂಧದ ಮೂರನೆಯ ಅಧ್ಯಾಯವನ್ನು ತೆರೆಯಬಲ್ಲ. ಇದು ಸಣ್ಣ ಸಾಧನೆಯಲ್ಲ. ಮುಂದೆ ನಾವು ಹೇಳುವ ಕೊರತೆಗಳನ್ನು ಈ ಮೆಚ್ಚುಗೆಯ ಜೊತೆಯಲ್ಲಿಯೇ ಓದಬೇಕೆಂದು ಕೋರುತ್ತೇವೆ.

ಮೊದಲ ದಿನ ನಾವು ಹುಡುಕುವ ಪೆಟ್ಟಿಗೆಯಲ್ಲಿ ಕನ್ನಡ ಅಕ್ಷರಗಳಲ್ಲಿಯೇ ‘ರಾತ್ರಿ ಶಾಲೆ’ ಎಂದು ಬರೆದೆವು. ಬೇಕಾದ್ದು ಬರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಅದನ್ನೇ ಬರೆದೆವು. ಇಲ್ಲಿ ಹೊಸ ತಾಪತ್ರಯ ಶುರುವಾಯಿತು. ‘ಶಾಲೆ’ ಎಂಬುದನ್ನು ಒಬ್ಬರು ಒಂದು ಎ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಎರಡು ಎ ಹಾಕುತ್ತಾರೆ. ವಿದ್ವಾಂಸರ ಪದ್ಧತಿಯಲ್ಲಿ ‘ಶ’ಕಾರಕ್ಕೆ ಎಸ್ ಅಕ್ಷರದ ನೆತ್ತಿಯ ಮೇಲೆ ಒಂದು ಗೀಟು ಇರುತ್ತದೆ, ಬೆರಳಚ್ಚಿನಲ್ಲಿ ಗೀಟು ಉದುರಿಹೋದರೆ ಉಳಿಯುವುದು ಎಸ್, ಎ, ಎಲ್, ಇ. ಅಂದರೆ ಶಾಲೆ ಹೋಗಿ ಸೇಲ್ ಆಯಿತು! ನಮ್ಮ ಮಗಳು ನಕ್ಕಳು, "ಅಪ್ಪಾ, ರಾತ್ರಿ ಶಾಲೆ ಹುಡುಕಿದ್ರೆ ರಾತ್ರಿ ಸೇಲ್ ಸಿಗುತ್ತೆ" ಎಂದು. ನಾವೂ ನಕ್ಕೆವು. ಆದರೆ ಮಾಷ್ಟ್ರ ಮುಖ ಕಣ್ಣ ಮುಂದೆ ಬಂದಾಗ ನಗು ಅಲ್ಲಿಗೇ ನಿಂತಿತು.

ಕನ್ನಡದಲ್ಲಿ ಬರೆದರೆ ಏಕೆ ಸಿಗುವುದಿಲ್ಲ? ವಿಜ್ಞಾನದ ವಿದ್ಯಾರ್ಥಿಯಾಗಿದ್ದವರು ಕಾರಣ ಹುಡುಕದೆ ಬಿಡಬಾರದು. ಕಾರಣಗಳು ಎರಡು.

ಒಂದನೆಯದು ಪ್ರಬಂಧದ ಒಳಗಿನದು. ಹಳೆಯ ಪ್ರಬಂಧವಾದರೆ ಅದು ಹಾಳೆಯ ಚಿತ್ರ. ಯಂತ್ರಕ್ಕೆ ಅಲ್ಲಿ ಅಕ್ಷರವೇ ಇಲ್ಲ, ಕಪ್ಪು ಬಿಳುಪು ಮಾತ್ರ. ಕಂಪ್ಯೂಟರಿನಲ್ಲಿ ಅಚ್ಚುಮಾಡಿದ್ದಾದರೂ ಎಷ್ಟೋ ಪ್ರಬಂಧಗಳು ನುಡಿ, ಬರಹ ಮೊದಲಾದವುಗಳ ಹಳೆಯ ಫಾಂಟುಗಳಲ್ಲಿವೆ. ಆ ಫಾಂಟುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ. ಯಂತ್ರದ ನೆನಪಿನಲ್ಲಿ ಕುಳಿತಿರುವುದು ಪರಭಾಷೆಯ ಅಕ್ಷರಗಳ ಸಂಖ್ಯೆಗಳು. ಯಕ್ಷಗಾನದ ವೇಷದಂತೆ: ರಂಗಸ್ಥಳದಲ್ಲಿ ಅರ್ಜುನ, ಚೌಕಿಯಲ್ಲಿ ಬೇರೆ ಯಾರೋ. ನಾವು ಅರ್ಜುನನ ಹೆಸರು ಹಿಡಿದು ಕೂಗಿದರೆ ಚೌಕಿಯಲ್ಲಿರುವವರು ಓಗೊಡುವುದಿಲ್ಲ. ಕನ್ನಡದ ಪ್ರತಿ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಸಂಖ್ಯೆ ಕೊಡುವ ಯೂನಿಕೋಡ್ 1991ರಲ್ಲಿಯೇ ಬಂದಿದ್ದರೂ, ನಮ್ಮ ಡಿ.ಟಿ.ಪಿ. ಅಂಗಡಿಗಳಿಗೆ ಅದು ಇಳಿದು ಬರಲು ಬಹಳ ಕಾಲ ಹಿಡಿಯಿತು.

ಎರಡನೆಯದು ಪಟ್ಟಿಯದು. ಪ್ರಬಂಧದ ಹೆಸರು, ಸಂಶೋಧಕರ ಹೆಸರು, ಮಾರ್ಗದರ್ಶಕರ ಹೆಸರು, ವಿಷಯಸೂಚಕ ಪದಗಳು — ಇವನ್ನು ಯಾರೋ ಒಬ್ಬರು ಕುಳಿತು ತುಂಬಬೇಕು. ಕನ್ನಡ ಪ್ರಬಂಧದ ಹೆಸರನ್ನು ಒಬ್ಬರು ಕನ್ನಡ ಲಿಪಿಯಲ್ಲಿ ತುಂಬಿದರೆ, ಒಬ್ಬರು ಇಂಗ್ಲಿಷ್ ಅಕ್ಷರಗಳಲ್ಲಿ ತಮಗೆ ತೋಚಿದಂತೆ ತುಂಬುತ್ತಾರೆ, ಮತ್ತೊಬ್ಬರು ಇಂಗ್ಲಿಷಿಗೆ ಅನುವಾದಿಸಿಯೇ ಬಿಡುತ್ತಾರೆ. ಒಂದೇ ಪ್ರಬಂಧಕ್ಕೆ ಮೂರು ರೂಪಗಳನ್ನೂ ಕೊಟ್ಟಿದ್ದರೆ ಯಾವ ಬಾಗಿಲು ತಟ್ಟಿದರೂ ತೆರೆಯುತ್ತಿತ್ತು. ಕೊಡುವುದು ಒಂದನ್ನೇ, ಅದು ಯಾವುದೆಂದು ಹುಡುಕುವವನು ಊಹಿಸಬೇಕು.

ಇಲ್ಲಿ ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಶೋಧಗಂಗೆಗಿಂತ ಮೊದಲೇ, 2000ದ ಇಸವಿಯಲ್ಲಿ, ಮೈಸೂರು ವಿಶ್ವವಿದ್ಯಾಲಯದ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ವಿಭಾಗದಲ್ಲಿ ಪ್ರೊ. ಶಾಲಿನಿ ಅರಸ್ ಅವರ ನೇತೃತ್ವದಲ್ಲಿ ‘ವಿದ್ಯಾನಿಧಿ’ ಎಂಬ ಪ್ರಬಂಧ ಭಂಡಾರದ ಕೆಲಸ ಆರಂಭವಾಗಿತ್ತು. ಕನ್ನಡ ಮತ್ತು ಹಿಂದಿ ಪ್ರಬಂಧಗಳ ವಿವರಗಳನ್ನು ಆಯಾ ಲಿಪಿಯಲ್ಲಿಯೇ, ಯೂನಿಕೋಡಿನಲ್ಲಿಯೇ ದಾಖಲಿಸಬಹುದೆಂದು ಅವರು ಆಗಲೇ ಮಾಡಿ ತೋರಿಸಿದ್ದರು. ದಾರಿ ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಅದೂ ಕನ್ನಡನಾಡಿನಿಂದಲೇ ಹೊರಟ ದಾರಿ.

ಹಾಗೆಂದು ಪಟ್ಟಿ ತುಂಬುವ ಆ ಕೆಳಹಂತದ ನೌಕರರನ್ನು ನಾವು ದೂಷಿಸಲಾರೆವು. ನಾವೂ ಆ ಜಾತಿಯವರೇ. ಹಿಂದೆ ನಾವಿದ್ದ ಒಂದು ಕಚೇರಿಯಲ್ಲಿ ಶಾನಭಾಗ ಎಂಬ ಹೆಸರಿನ ನಿವೃತ್ತರೊಬ್ಬರ ಪಿಂಚಣಿ ಕಡತ ಎಂಟು ತಿಂಗಳು ಸಿಕ್ಕಿರಲಿಲ್ಲ. ಒಂದು ರಿಜಿಸ್ಟರಿನಲ್ಲಿ ಶಾನಭಾಗ, ಒಂದರಲ್ಲಿ ಶಾನುಭೋಗ, ಮತ್ತೊಂದರಲ್ಲಿ ಶೆಣಭಾಗ. ಮೂರನ್ನೂ ಬರೆದವರಲ್ಲಿ ಒಬ್ಬರು ನಾವೇ. ಆ ಎಂಟು ತಿಂಗಳು ಆ ಮನುಷ್ಯರು ಬಂದು ನಮ್ಮ ಮೇಜಿನ ಮುಂದೆ ಸುಮ್ಮನೆ ನಿಲ್ಲುತ್ತಿದ್ದುದು ಇಂದಿಗೂ ಮರೆತಿಲ್ಲ. ‘ವಿಷಯ’ ಎಂಬ ಕಲಮಿನಲ್ಲಿ ನಾಲ್ಕು ಪದ ಬರೆಯುವವನಿಗೆ ತಾನು ಒಬ್ಬರ ಹಣೆಬರಹ ಬರೆಯುತ್ತಿದ್ದೇನೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ತಪ್ಪು ಬೆರಳಿನದಲ್ಲ, ಆ ಕೆಲಸವನ್ನು ಗುಮಾಸ್ತಿಕೆ ಎಂದು ತಿಳಿದವರದು.

ಇನ್ನು, ಹುಡುಕುವವರ ತಪ್ಪನ್ನೂ ಒಪ್ಪಿಕೊಳ್ಳಬೇಕು. ಎರಡು ತಿಂಗಳ ಪರದಾಟದಲ್ಲಿ ನಾವು ಕಲಿತದ್ದನ್ನು, ಪಿಎಚ್.ಡಿ. ಮಾಡುತ್ತಿರುವ ನಮ್ಮ ಮಕ್ಕಳಿಗೆ ಉಪಯೋಗವಾಗಲೆಂದು, ಇಲ್ಲಿ ಹೇಳುತ್ತೇವೆ.

ಊರುಗಳ ಹಳೆಯ ಹೆಸರುಗಳನ್ನು ಮರೆಯಬಾರದು. 1995ರ ಹಿಂದಿನ ಪ್ರಬಂಧದಲ್ಲಿ ಮುಂಬಯಿ ಇಂಗ್ಲಿಷಿನಲ್ಲಿ ಬಾಂಬೆ; 1996ರ ಹಿಂದೆ ಚೆನ್ನೈ ಮದ್ರಾಸು. 1973ರ ನವೆಂಬರಿಗೆ ಮೊದಲು ನಮ್ಮ ರಾಜ್ಯವೇ ಮೈಸೂರು ರಾಜ್ಯ. ಇನ್ನೂ ಹಿಂದಕ್ಕೆ ಹೋದರೆ ಇಂಗ್ಲಿಷಿನವರಿಗೆ ನಮ್ಮ ನುಡಿ ‘ಕೆನರೀಸ್’, ಅದನ್ನು ಸಿ ಹಾಕಿಯೂ ಬರೆಯುತ್ತಿದ್ದರು, ಕೆ ಹಾಕಿಯೂ ಬರೆಯುತ್ತಿದ್ದರು. ಪ್ರಬಂಧ ಬರೆದ ಕಾಲದ ಹೆಸರಿನಲ್ಲಿ ಕೂಗಿದರೆ ಮಾತ್ರ ಪ್ರಬಂಧ ಓಗೊಡುತ್ತದೆ.

ಎರಡನೆಯದಾಗಿ, ಪದ ಹಾಕಿ ಹುಡುಕುವುದು ಸೋತಾಗ ಕಪಾಟಿನ ಮುಂದೆ ಹೋಗಿ ನಿಲ್ಲಬೇಕು. ಶೋಧಗಂಗೆಯಲ್ಲಿ ಪ್ರತಿ ವಿಶ್ವವಿದ್ಯಾಲಯಕ್ಕೂ, ಅದರೊಳಗೆ ಪ್ರತಿ ವಿಭಾಗಕ್ಕೂ ಬೇರೆ ಬೇರೆ ಜಾಗವಿದೆ. ಕನ್ನಡ ವಿಭಾಗವನ್ನು ತೆರೆದು, ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಕಣ್ಣಾಡಿಸಿದರೆ, ಯಂತ್ರಕ್ಕೆ ಅರ್ಥವಾಗದ ಕಾಗುಣಿತವೂ ಮನುಷ್ಯನಿಗೆ ಅರ್ಥವಾಗುತ್ತದೆ. ಕನ್ನಡ ವಿಭಾಗ ಒಂದೇ ಸಾಲದು. ರಾತ್ರಿ ಶಾಲೆಯ ವಿಷಯ ಶಿಕ್ಷಣ ವಿಭಾಗದಲ್ಲಿರಬಹುದು, ಸಮಾಜಶಾಸ್ತ್ರದಲ್ಲಿರಬಹುದು, ಇತಿಹಾಸದಲ್ಲಿರಬಹುದು.

ಮೂರನೆಯದು, ಮಾರ್ಗದರ್ಶಕರ ಹೆಸರು ಹಿಡಿದು ಹೋಗುವುದು. ಒಬ್ಬ ಗುರುವಿನ ಶಿಷ್ಯರು ಅಕ್ಕಪಕ್ಕದ ಹೊಲಗಳನ್ನೇ ಉಳುತ್ತಾರೆ. ನಾಲ್ಕನೆಯದು, ಸಿಕ್ಕ ಪ್ರಬಂಧದ ಕೊನೆಯ ಗ್ರಂಥಸೂಚಿಯನ್ನು ಬಿಡದೆ ಓದುವುದು. ಶೋಧಗಂಗೆಯಲ್ಲಿ ಪ್ರಬಂಧವನ್ನು ಅಧ್ಯಾಯ ಅಧ್ಯಾಯವಾಗಿ ಬಿಡಿಸಿ ಇಟ್ಟಿರುವುದರಿಂದ ಗ್ರಂಥಸೂಚಿಯೊಂದನ್ನೇ ತೆರೆಯುವುದು ಸುಲಭ. ಕೊನೆಯದಾಗಿ, ಪ್ರತಿ ಪ್ರಬಂಧಕ್ಕೂ 10603 ಎಂದು ಮೊದಲಾಗುವ ಒಂದು ಸ್ಥಿರ ಸಂಖ್ಯೆ ಇದೆ. ಬೇಕಾದದ್ದು ಸಿಕ್ಕೊಡನೆ ಅದನ್ನು ಬರೆದಿಟ್ಟುಕೊಳ್ಳಬೇಕು. ಎರಡನೆಯ ಸಲ ಅದೇ ದಾರಿ ನೆನಪಿರುವುದಿಲ್ಲ.

ಕೆಲವು ಪ್ರಬಂಧಗಳಿಗೆ ಈ ಕಷ್ಟವೇ ಇಲ್ಲ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’, ಜಿ.ಎಸ್. ಶಿವರುದ್ರಪ್ಪನವರ ‘ಸೌಂದರ್ಯ ಸಮೀಕ್ಷೆ’, ಎಂ.ಎಂ. ಕಲಬುರ್ಗಿಯವರ ‘ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ’ ಇವೆಲ್ಲ ಪದವಿಗಾಗಿ ಬರೆದವೇ. ಪುಸ್ತಕಗಳಾಗಿ ಬಂದು ಓದುಗರ ಮನೆ ಸೇರಿದವು. ನಾಡಿನ ಹೊರಗೆ ಬರೆದವೂ ಇವೆ. ಎ.ಕೆ. ರಾಮಾನುಜನ್ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ 1963ರಲ್ಲಿ ಒಪ್ಪಿಸಿದ್ದು ಕನ್ನಡದ ವ್ಯಾಕರಣವನ್ನು ಕುರಿತ ಪ್ರಬಂಧ. ಯು.ಆರ್. ಅನಂತಮೂರ್ತಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಎಸ್.ಎಲ್. ಭೈರಪ್ಪ ಬರೋಡೆಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಪಡೆದವರು. ನಮ್ಮವರ ವಿದ್ಯೆಯನ್ನು ಕರ್ನಾಟಕದ ಕಪಾಟಿನಲ್ಲಿ ಮಾತ್ರ ಹುಡುಕಿದರೆ ಸಾಲದು ಎಂಬುದಕ್ಕೆ ಇವು ಸಾಕ್ಷಿ. ಹೊರನಾಡಿನಲ್ಲಿರುವ ನಮಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಇವರೆಲ್ಲ ಹೆಸರಾಂತರು. ಅಚ್ಚಾಗದೆ ಉಳಿದ, ಹೆಸರಿಲ್ಲದವರು ಬರೆದ, ಹೆಸರಿಲ್ಲದವರನ್ನು ಕುರಿತ ಪ್ರಬಂಧಗಳಿಗೆ ಇರುವ ಬಾಗಿಲು ಪಟ್ಟಿ ಒಂದೇ.

ಒಂದೇ ಭಂಡಾರವನ್ನು ನಂಬಿ ಕೂರುವುದೂ ವಿವೇಕವಲ್ಲ. ಬ್ರಿಟನ್ನಿನ ಪ್ರಬಂಧಗಳಿಗಾಗಿ ಬ್ರಿಟಿಷ್ ಲೈಬ್ರರಿ ನಡೆಸುತ್ತಿದ್ದ ‘ಈಥಾಸ್’ ಎಂಬ ಇಂಥದೇ ಪಟ್ಟಿ, 2023ರ ಅಕ್ಟೋಬರಿನಲ್ಲಿ ಆ ಗ್ರಂಥಾಲಯದ ಮೇಲೆ ನಡೆದ ಸೈಬರ್ ದಾಳಿಯಿಂದಾಗಿ ಮುಚ್ಚಿಹೋಗಿ, ಸಂಶೋಧಕರು ದೀರ್ಘಕಾಲ ಪರದಾಡಬೇಕಾಯಿತು. ರೆಕ್ಸಿನ್ ರಟ್ಟಿನ ಪ್ರತಿಗೆ ಈ ಭಯವಿಲ್ಲ. ಅದಕ್ಕೆ ಗೆದ್ದಲಿನ ಭಯ. ಎರಡೂ ಇರಲಿ ಎಂಬುದೇ ನಮ್ಮ ಅಭಿಪ್ರಾಯ.

ಹಾಗಾದರೆ ಒಟ್ಟು ತೀರ್ಮಾನವೇನು? ಭಂಡಾರ ದೊಡ್ಡದು, ಉದ್ದೇಶ ದೊಡ್ಡದು. ಕನ್ನಡದ ಮಟ್ಟಿಗೆ ಪಟ್ಟಿ ಬಡವಾಗಿದೆ. ಪ್ರತಿ ಕನ್ನಡ ಪ್ರಬಂಧದ ಹೆಸರೂ ಕನ್ನಡ ಲಿಪಿಯಲ್ಲಿ, ಒಂದೇ ಕ್ರಮದ ಇಂಗ್ಲಿಷ್ ಅಕ್ಷರಗಳಲ್ಲಿ, ಮತ್ತು ಅನುವಾದದಲ್ಲಿ, ಮೂರು ವಿಧದಲ್ಲಿಯೂ ಇರಬೇಕು. ವಿಷಯಸೂಚಕ ಪದಗಳನ್ನು ಪ್ರಬಂಧ ಬರೆದವರೇ ಕೊಡಬೇಕು. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ. ಪ್ರಬಂಧ ಒಪ್ಪಿಸುವ ದಿನ ಅರ್ಧ ಗಂಟೆಯ ಶ್ರದ್ಧೆ ಸಾಕು. ಐದು ವರ್ಷ ದುಡಿದು ಬರೆದುದಕ್ಕೆ ಐದು ಸಾಲಿನ ವಿಳಾಸ ಬರೆಯಲು ಬೇಸರವೇಕೆ? ಸಂಘದ ಸದಸ್ಯರ ಮನೆಗಳಲ್ಲಿ ಯಾರಾದರೂ ಬರೆದ ಹಳೆಯ ಪ್ರಬಂಧವಿದ್ದರೆ, ಅದು ಶೋಧಗಂಗೆಯಲ್ಲಿ ಇದೆಯೇ, ಯಾವ ಹೆಸರಿನಲ್ಲಿದೆ ಎಂದು ಒಮ್ಮೆ ನೋಡಿ. ಇಲ್ಲವಾದರೆ ಆ ವಿಶ್ವವಿದ್ಯಾಲಯದ ಗ್ರಂಥಪಾಲರಿಗೆ ಒಂದು ಕಾಗದ ಬರೆಯಿರಿ.

ಮಾಷ್ಟ್ರ ಪ್ರಬಂಧ ಏನಾಯಿತೆಂದು ವಾಚಕರು ಕೇಳದೆ ಬಿಡುವುದಿಲ್ಲ. ಅದು ನಮಗೆ ಶೋಧಗಂಗೆಯಲ್ಲಿ ಸಿಗಲಿಲ್ಲ. ಆದರೆ ಅಲ್ಲಿದ್ದ ಬೇರೊಂದು ಪ್ರಬಂಧದ ಗ್ರಂಥಸೂಚಿಯ ಕೊನೆಯ ಪುಟದಲ್ಲಿ, ‘ಅಪ್ರಕಟಿತ’ ಎಂಬ ಶೀರ್ಷಿಕೆಯ ಕೆಳಗೆ, ಒಂದು ಸಾಲು ಸಿಕ್ಕಿತು. ಕಾಗದ ಬರೆದೆವು, ಪ್ರತಿ ಇದೆ, ಇಲ್ಲಿಯೇ ಬಂದು ಓದಬಹುದು ಎಂದು ಉತ್ತರ ಬಂತು. ಈ ಸಲದ ಎಲ್.ಟಿ.ಸಿ.ಯಲ್ಲಿ ಊರಿಗೆ ಹೋದವರು ಒಂದು ದಿನ ಅಲ್ಲಿಗೆ ಹೋಗಿ ಕುಳಿತೆವು. ಹಾಳೆ ಹಾಳೆ ತಿರುವಿದೆವು. ಮಾಷ್ಟ್ರ ಹೆಸರು ಎಲ್ಲಿಯೂ ಇಲ್ಲ. ‘ಒಬ್ಬ ಹಿರಿಯ ಶಿಕ್ಷಕರು ಹೇಳುವಂತೆ’ ಎಂದು ಅರ್ಧ ಪುಟವಿದೆ. ದಿನವಿಡೀ ಲೋಟ ತೊಳೆದು ಬಂದ ಹುಡುಗರ ಕೈ ಒದ್ದೆಯಾಗಿದ್ದು ಪುಸ್ತಕದ ಹಾಳೆ ಹಾಳಾಗುತ್ತಿತ್ತೆಂದೂ, ಅದಕ್ಕಾಗಿ ಶಿಕ್ಷಕರು ತರಗತಿಯ ಬಾಗಿಲಲ್ಲಿ ಒಂದು ಟವೆಲ್ ನೇತುಹಾಕಿರುತ್ತಿದ್ದರೆಂದೂ ಅಲ್ಲಿದೆ. ಅಷ್ಟನ್ನೂ ಕೈಯಲ್ಲಿ ನಕಲು ಮಾಡಿಕೊಂಡು ಬಂದು ಮಾಷ್ಟ್ರ ಮುಂದೆ ಓದಿದೆವು.

ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾವು ಹೆಸರಿನ ಮಾತು ಎತ್ತಲು ಹೋದರೆ ಕೈಯಾಡಿಸಿಬಿಟ್ಟರು.

"ಟವೆಲ್ ಅಂತ ಬರೆದಿದ್ದಾರಾ? ನಾನು ಹೇಳಿದ್ದು ಬೈರಾಸು ಅಂತ. ಇರಲಿ ಮಾರಾಯ್ರೇ, ಮಕ್ಕಳ ಕೈ ಒರೆಸಿದ್ದು ಬಂತಲ್ಲ."